ಮನೆಯಲ್ಲಿ ಜೋಡಿಸುವ ಕಂಪ್ಯೂಟರ್‌ಗೆ ಎಷ್ಟು ಕೂಲಿಂಗ್ ಬೇಕು? ವ್ಯಾಟ್ ಲೆಕ್ಕದಿಂದ ಶುರು ಮಾಡಿ

ಹೊಸದಾಗಿ ಕಂಪ್ಯೂಟರ್ ಜೋಡಿಸಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎಷ್ಟು ಫ್ಯಾನ್ ಹಾಕಲಿ? ಲಿಕ್ವಿಡ್ ಕೂಲರ್ ಬೇಕೇ ಬೇಕಾ?" ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಆದರೆ ನಿಮ್ಮ ಉತ್ತರವನ್ನು ನೀವೇ ಕಂಡುಕೊಳ್ಳುವ ದಾರಿ ಇದೆ. ಅದಕ್ಕೆ ಬೇಕಾಗಿರುವುದು ಗುಣಾಕಾರ, ಭಾಗಾಕಾರ ಮತ್ತು ಒಂದರ್ಧ ಗಂಟೆ ತಾಳ್ಮೆ.

ಮೊದಲು ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಲಿ. ಕಂಪ್ಯೂಟರ್ ಎಳೆದುಕೊಂಡ ಕರೆಂಟ್ ಕೊನೆಗೆ ಪೂರ್ತಿ ಕಾವಾಗಿಯೇ ಹೊರಬರುತ್ತದೆ. ಪ್ರೊಸೆಸರ್ 100 ವ್ಯಾಟ್ ಕುಡಿದರೆ 100 ವ್ಯಾಟ್ ಕಾವನ್ನು ಕಕ್ಕುತ್ತದೆ. ಈ ಕಾವು ಎರಡು ಗಡಿ ದಾಟಬೇಕು. ಮೊದಲನೆಯದು ಚಿಪ್‌ನಿಂದ ಕ್ಯಾಬಿನೆಟ್ ಒಳಗಿನ ಗಾಳಿಗೆ. ಇದು ಕೂಲರ್‌ನ ಕೆಲಸ. ಎರಡನೆಯದು ಕ್ಯಾಬಿನೆಟ್ ಒಳಗಿನ ಗಾಳಿಯಿಂದ ಕೋಣೆಗೆ. ಇದು ಕ್ಯಾಬಿನೆಟ್ ಫ್ಯಾನ್‌ಗಳ ಕೆಲಸ. ಜನ ಮೊದಲನೆಯ ಗಡಿಗೆ ಹಣ ಸುರಿಯುತ್ತಾರೆ, ಎರಡನೆಯದನ್ನು ಮರೆತೇಬಿಡುತ್ತಾರೆ. ನಾನು ನೋಡಿದ "ತುಂಬಾ ಬಿಸಿಯಾಗುತ್ತೆ" ಎಂಬ ದೂರುಗಳಲ್ಲಿ ಹೆಚ್ಚಿನವು ಈ ಎರಡನೆಯ ಗಡಿಯಲ್ಲೇ ಸಿಕ್ಕಿಕೊಂಡಿದ್ದವು.

ಕೈಯಲ್ಲಿ ಇರಬೇಕಾದದ್ದು

ನಿಮ್ಮ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ನ ಪೂರ್ತಿ ಹೆಸರು, ಕ್ಯಾಬಿನೆಟ್‌ನ ಅಳತೆಗಳಿರುವ ಪುಟ, ಕೋಣೆಯ ಉಷ್ಣಾಂಶ ನೋಡಲು ಒಂದು ಸಾದಾ ಥರ್ಮಾಮೀಟರ್. ಕಂಪ್ಯೂಟರ್ ಆಗಲೇ ಜೋಡಿಸಿದ್ದರೆ, ಒಳಗಿನ ಸೆನ್ಸರ್‌ಗಳನ್ನು ತೋರಿಸುವ ಎಚ್‌ಡಬ್ಲ್ಯುಇನ್‌ಫೋ ತರಹದ ಒಂದು ಉಚಿತ ಪ್ರೋಗ್ರಾಂ. ಇಷ್ಟು ಸಾಕು.

ಹಂತ 1: ಎಷ್ಟು ವ್ಯಾಟ್ ಕಾವು ಹುಟ್ಟುತ್ತದೆ ಎಂದು ಲೆಕ್ಕ ಹಾಕಿ

ಪ್ರೊಸೆಸರ್ ಡಬ್ಬಿಯ ಮೇಲೆ ಅಥವಾ ತಯಾರಕರ ಪುಟದಲ್ಲಿ ಟಿಡಿಪಿ ಎಂಬ ಸಂಖ್ಯೆ ಇರುತ್ತದೆ. ಇಷ್ಟು ವ್ಯಾಟ್ ಕಾವನ್ನು ಸಾಗಿಸುವ ಕೂಲರ್ ಬೇಕು ಎಂದು ತಯಾರಕರು ಕೊಡುವ ಸೂಚನೆ ಅದು. ಮೊದಲ ಎಡವು ಇಲ್ಲೇ. ಇವತ್ತಿನ ಪ್ರೊಸೆಸರ್‌ಗಳು ಕೆಲಸ ಜೋರಾದಾಗ ಆ ಸಂಖ್ಯೆಯನ್ನು ದಾಟಿ ಹೋಗುತ್ತವೆ.

ಎಎಂಡಿಯ ಎಎಂ5 ಸಾಕೆಟ್ ಪ್ರೊಸೆಸರ್‌ಗಳಲ್ಲಿ ನಿಜವಾದ ಮಿತಿಗೆ ಪಿಪಿಟಿ ಎನ್ನುತ್ತಾರೆ. ಅಂದರೆ ಸಾಕೆಟ್ ಮೂಲಕ ಹರಿಯಬಹುದಾದ ಗರಿಷ್ಠ ವಿದ್ಯುತ್. ಟಿಡಿಪಿಯನ್ನು 1.35ರಿಂದ ಗುಣಿಸಿದರೆ ಅದು ಸಿಗುತ್ತದೆ. 65 ವ್ಯಾಟ್‌ನದು 88 ಆಗುತ್ತದೆ, 105ರದು 142, 170ರದು 230. ಇಂಟೆಲ್ ತನ್ನ 12ನೇ ತಲೆಮಾರಿನಿಂದ ಎರಡು ಸಂಖ್ಯೆ ಕೊಡುತ್ತಿದೆ. ಒಂದು ಬೇಸ್ ಪವರ್, ಇನ್ನೊಂದು ಮ್ಯಾಕ್ಸಿಮಮ್ ಟರ್ಬೋ ಪವರ್. ಕೋರ್ ಐ5-12400ರಲ್ಲಿ ಇವು 65 ಮತ್ತು 117. ಐ9-13900ಕೆಯಲ್ಲಿ 125 ಮತ್ತು 253. ನಿಮ್ಮ ಲೆಕ್ಕಕ್ಕೆ ಯಾವತ್ತೂ ಎರಡನೆಯ ಸಂಖ್ಯೆಯನ್ನೇ ತೆಗೆದುಕೊಳ್ಳಿ.

ಇನ್ನೊಂದು ವಿಷಯ ಡಬ್ಬಿಯ ಮೇಲೆ ಇರುವುದಿಲ್ಲ. ಕೆಲವು ಮದರ್‌ಬೋರ್ಡ್‌ಗಳು ಕಾರ್ಖಾನೆಯಿಂದ ಬರುವಾಗಲೇ ಈ ಮಿತಿಯನ್ನು ತೆಗೆದುಹಾಕಿರುತ್ತವೆ. ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡ್‌ನ ಸ್ವಂತ ಸೆಟ್ಟಿಂಗ್ ಪರದೆಯಲ್ಲಿ, ಪವರ್ ಲಿಮಿಟ್ ಜಾಗದಲ್ಲಿ 4096 ವ್ಯಾಟ್ ಎಂದು ಕಂಡರೆ ಗಾಬರಿ ಬೇಡ. ಅದರ ಅರ್ಥ "ಮಿತಿ ಇಲ್ಲ" ಅಂತ. ಅಲ್ಲಿ ಪ್ರೊಸೆಸರ್ ತಯಾರಕರು ಹೇಳಿದ ಸಂಖ್ಯೆಯನ್ನೇ ಹಾಕಿ. ಹಾಗೇ ಬಿಟ್ಟರೆ ನೀವು ಈಗ ಹಾಕುತ್ತಿರುವ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಗ್ರಾಫಿಕ್ಸ್ ಕಾರ್ಡ್‌ನ ಲೆಕ್ಕ ಸುಲಭ. ತಯಾರಕರು ಕೊಟ್ಟ ಬೋರ್ಡ್ ಪವರ್ ಸಂಖ್ಯೆಯನ್ನು ನಂಬಬಹುದು. ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್, 4070ಕ್ಕೆ 200, 4090ಕ್ಕೆ 450. ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲಕ್ಕೂ ಸೇರಿಸಿ ಒಂದು 50 ವ್ಯಾಟ್ ಇಟ್ಟುಕೊಳ್ಳಿ. ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ತನ್ನ ಕಾವನ್ನು ಸಾಮಾನ್ಯವಾಗಿ ತನ್ನದೇ ಫ್ಯಾನ್‌ನಿಂದ ನೇರ ಹೊರಗೆ ತಳ್ಳುತ್ತದೆ. ಹಾಗಾಗಿ ಅದನ್ನು ಬಿಡಬಹುದು.

ಒಂದು ಉದಾಹರಣೆ ಹಿಡಿಯೋಣ. ರೈಜೆನ್ 7 7700ಎಕ್ಸ್ (142 ವ್ಯಾಟ್), ಆರ್‌ಟಿಎಕ್ಸ್ 4070 (200 ವ್ಯಾಟ್), ಉಳಿದದ್ದು 50. ಒಟ್ಟು 392, ಅಂದರೆ ಸುಮಾರು 400 ವ್ಯಾಟ್. ಮುಂದೆಲ್ಲ ಇದೇ ಕಂಪ್ಯೂಟರ್ ಇಟ್ಟುಕೊಂಡು ಮಾತಾಡುತ್ತೇನೆ. ನೀವು ನಿಮ್ಮ ಸಂಖ್ಯೆ ಹಾಕಿಕೊಳ್ಳಿ.

ಹಂತ 2: ನಿಮ್ಮ ಕೆಲಸ ಯಾವುದು, ಕೋಣೆ ಎಷ್ಟು ಬಿಸಿ?

400 ವ್ಯಾಟ್ ಅನ್ನುವುದು ಎಲ್ಲವೂ ಒಟ್ಟಿಗೆ ಮೈಮುರಿದು ದುಡಿದಾಗಿನ ಮಾತು. ದಿನನಿತ್ಯ ಹಾಗೆ ಆಗುವುದು ಕಡಿಮೆ. ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯುತ್ತದೆ, ಪ್ರೊಸೆಸರ್ ಸಾಮಾನ್ಯವಾಗಿ ತನ್ನ ಮಿತಿಗಿಂತ ಸಾಕಷ್ಟು ಕೆಳಗೇ ಇರುತ್ತದೆ. ವಿಡಿಯೋ ಎನ್‌ಕೋಡಿಂಗ್, ತ್ರೀಡಿ ರೆಂಡರಿಂಗ್, ದೊಡ್ಡ ಪ್ರೋಗ್ರಾಂಗಳ ಕಂಪೈಲಿಂಗ್ ಮಾಡುವವರ ಕಥೆ ಬೇರೆ. ಅಲ್ಲಿ ಪ್ರೊಸೆಸರ್‌ನ ಎಲ್ಲ ಕೋರ್‌ಗಳೂ ಗಂಟೆಗಟ್ಟಲೆ ಬಿಸಿಯಾಗಿರುತ್ತವೆ. ಬರೀ ಬ್ರೌಸಿಂಗ್, ಬರವಣಿಗೆ, ಲೆಕ್ಕಪತ್ರದ ಕೆಲಸಕ್ಕಾದರೆ ಪ್ರೊಸೆಸರ್ ಜೊತೆ ಬರುವ ಕೂಲರ್, ಹಿಂದೆ ಒಂದು ಫ್ಯಾನ್ ಸಾಕು. ನೀವು ಈ ಗುಂಪಿನವರಾದರೆ ನೇರ ಹಂತ 5ಕ್ಕೆ ಹೋಗಿ. ಸುಮ್ನೆ ಖರ್ಚು ಮಾಡಬೇಡಿ.

ಇನ್ನು ಕೋಣೆಯ ಉಷ್ಣಾಂಶ. ಗಾಳಿಯ ಕೂಲರ್ ಆಗಲಿ, ನೀರಿನ ಕೂಲರ್ ಆಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ 22 ಡಿಗ್ರಿ ಇದ್ದಾಗ 75 ಡಿಗ್ರಿ ತೋರಿಸುವ ಚಿಪ್, ಕೋಣೆ 34 ಡಿಗ್ರಿಗೆ ಏರಿದಾಗ ಅದೇ ಕೆಲಸಕ್ಕೆ ಸುಮಾರು 87 ತೋರಿಸುತ್ತದೆ. ಹಾಗಾಗಿ ವಿಮರ್ಶೆಗಳಲ್ಲಿ ಬರುವ ಉಷ್ಣಾಂಶವನ್ನು ಹಾಗೇ ನಂಬಬೇಡಿ. ಅವರ ಕೋಣೆ ಎಷ್ಟಿತ್ತು ಎಂದು ನೋಡಿ, ವ್ಯತ್ಯಾಸವನ್ನು ನಿಮ್ಮ ಕೋಣೆಗೆ ಕೂಡಿಸಿ. ವರ್ಷದ ಅತಿ ಬಿಸಿ ದಿನವನ್ನು ಲೆಕ್ಕಕ್ಕೆ ಹಿಡಿಯಿರಿ, ಇವತ್ತಿನದನ್ನಲ್ಲ.

ಹಂತ 3: ಪ್ರೊಸೆಸರ್‌ಗೆ ಕೂಲರ್ ಆರಿಸಿ

ಪಿಪಿಟಿ ಅಥವಾ ಟರ್ಬೋ ಪವರ್ ಸಂಖ್ಯೆ ಹಿಡಿದು ನಾನು ಹೀಗೆ ವಿಂಗಡಿಸುತ್ತೇನೆ. ಇದು ಅನುಭವದ ಲೆಕ್ಕ, ಐದು ಹತ್ತು ವ್ಯಾಟ್ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

- 90 ವ್ಯಾಟ್‌ವರೆಗೆ: ಜೊತೆಗೆ ಬರುವ ಕೂಲರ್ ನಡೆಯುತ್ತದೆ, ಸದ್ದು ಮಾಡುತ್ತದೆ ಅಷ್ಟೇ. ಸದ್ದು ಬೇಡವೆಂದರೆ ಒಂದು ಚಿಕ್ಕ ಟವರ್ ಕೂಲರ್, ಅಂದರೆ ಲೋಹದ ರೆಕ್ಕೆಗಳು ಗೋಪುರದಂತೆ ನಿಂತಿರುವ ಕೂಲರ್.
- 90ರಿಂದ 150 ವ್ಯಾಟ್: 120 ಎಂಎಂ ಫ್ಯಾನ್ ಇರುವ, ನಾಲ್ಕರಿಂದ ಆರು ಹೀಟ್‌ಪೈಪ್‌ಗಳ ಟವರ್ ಕೂಲರ್. ಹೀಟ್‌ಪೈಪ್ ಎಂದರೆ ಒಳಗೆ ಸ್ವಲ್ಪ ದ್ರವ ಇರುವ ಮುಚ್ಚಿದ ತಾಮ್ರದ ಕೊಳವೆ. ದ್ರವ ಚಿಪ್ ಬಳಿ ಆವಿಯಾಗಿ, ಮೇಲಿನ ರೆಕ್ಕೆಗಳ ಹತ್ತಿರ ತಣಿದು ವಾಪಸ್ ಬರುತ್ತದೆ.
- 150ರಿಂದ 220 ವ್ಯಾಟ್: ಎರಡು ಗೋಪುರದ ದೊಡ್ಡ ಏರ್ ಕೂಲರ್, ಇಲ್ಲವೇ 240 ಅಥವಾ 280 ಎಂಎಂ ಲಿಕ್ವಿಡ್ ಕೂಲರ್ (ಇದು ಬಿಸಿ ದ್ರವ ತಣಿಯುವ ಭಾಗದ, ಅಂದರೆ ರೇಡಿಯೇಟರ್‌ನ, ಅಳತೆ).
- ಅದಕ್ಕೂ ಮೇಲೆ, ಅದೂ ಗಂಟೆಗಟ್ಟಲೆ: 360 ಎಂಎಂ ಲಿಕ್ವಿಡ್ ಕೂಲರ್.

ನಮ್ಮ ಉದಾಹರಣೆಯ 142 ವ್ಯಾಟ್ ಪ್ರೊಸೆಸರ್‌ಗೆ ಒಳ್ಳೆಯ ಒಂಟಿ ಟವರ್ ಸಾಕು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ರೈಜೆನ್ 7000 ಸರಣಿಯ ಎಕ್ಸ್ ಪ್ರೊಸೆಸರ್‌ಗಳು ಪೂರ್ತಿ ಲೋಡ್‌ನಲ್ಲಿ 95 ಡಿಗ್ರಿಗೆ ಏರಿ ಅಲ್ಲೇ ನಿಲ್ಲುವಂತೆ ರೂಪಿಸಲಾಗಿದೆ. ಕೂಲರ್ ಚೆನ್ನಾಗಿದ್ದಷ್ಟೂ ಅವು ಇನ್ನೂ ಜಾಸ್ತಿ ವೇಗದಲ್ಲಿ ಓಡಿ ಮತ್ತೆ ಆ ಮಿತಿಯ ಹತ್ತಿರ ಹೋಗುತ್ತವೆ. ಇದರ ಹಿಂದೆ ಚಿಪ್‌ನ ಗಾತ್ರವೂ ಇದೆ. ಕೋರ್‌ಗಳಿರುವ ಸಿಲಿಕಾನ್ ತುಂಡು ಕಿರುಬೆರಳಿನ ಉಗುರಿನಷ್ಟು ಚಿಕ್ಕದು. ಅಷ್ಟು ಸಣ್ಣ ಜಾಗದಿಂದ ಅಷ್ಟೊಂದು ಕಾವು ಹೊರಬರುವುದೇ ಕಷ್ಟ, ಮೇಲೆ ಎಷ್ಟೇ ದೊಡ್ಡ ಕೂಲರ್ ಕೂರಿಸಿದರೂ. ಆದ್ದರಿಂದ ಬರೀ ಉಷ್ಣಾಂಶ ನೋಡಿ ಕೂಲರ್ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ಅದೇ ಹೊತ್ತಿಗೆ ಗಡಿಯಾರದ ವೇಗ, ಅಂದರೆ ಗಿಗಾಹರ್ಟ್ಸ್, ಕುಸಿಯುತ್ತಿದೆಯೇ ಎಂದು ನೋಡಿ. ವೇಗ ತಯಾರಕರು ಹೇಳಿದ ಬೇಸ್ ವೇಗಕ್ಕಿಂತ ಚೆನ್ನಾಗಿ ಮೇಲಿದ್ದರೆ ತೊಂದರೆ ಇಲ್ಲ. ಬಿಸಿ ತಾಳದೆ ಚಿಪ್ ತಾನೇ ವೇಗ ತಗ್ಗಿಸುವುದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ನೀವು ತಪ್ಪಿಸಬೇಕಾದದ್ದು ಅದನ್ನು.

ಖರೀದಿಗೆ ಮುಂಚೆ ಮೂರು ಅಳತೆ ನೋಡಿ. ದೊಡ್ಡ ಟವರ್ ಕೂಲರ್‌ಗಳು 155ರಿಂದ 165 ಎಂಎಂ ಎತ್ತರ ಇರುತ್ತವೆ. ಕ್ಯಾಬಿನೆಟ್ ಅಷ್ಟು ಎತ್ತರಕ್ಕೆ ಜಾಗ ಕೊಡದಿದ್ದರೆ ಪಕ್ಕದ ಬಾಗಿಲು ಮುಚ್ಚುವುದಿಲ್ಲ. ಎತ್ತರದ ರ‍್ಯಾಮ್ ಹಾಕಿದರೆ ಫ್ಯಾನ್ ಅದಕ್ಕೆ ತಾಗುತ್ತದೆ. ಲಿಕ್ವಿಡ್ ಕೂಲರ್ ಆದರೆ ಅದರ ರೇಡಿಯೇಟರ್ ಮೇಲ್ಭಾಗದಲ್ಲಿ ಕೂರುತ್ತದೆಯೇ, ಮುಂದೆಯೇ ಎಂಬುದು ಕ್ಯಾಬಿನೆಟ್ ಪುಟದಲ್ಲೇ ಇರುತ್ತದೆ.

ಲಿಕ್ವಿಡ್ ಕೂಲರ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. 150 ವ್ಯಾಟ್‌ಗಿಂತ ಕೆಳಗೆ ಅದು ನೋಟಕ್ಕೆ ಮಾತ್ರ. ಅದರ ಪಂಪ್ ಒಂದು ದಿನ ಸವೆಯುತ್ತದೆ, ಕೊಳವೆಯ ಮೂಲಕ ದ್ರವ ವರ್ಷಗಳಲ್ಲಿ ನಿಧಾನವಾಗಿ ಇಂಗುತ್ತದೆ. ಏರ್ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಒಂದೇ, ಅದನ್ನು ಬದಲಾಯಿಸಬಹುದು. ಲಿಕ್ವಿಡ್ ಹಾಕಲೇಬೇಕೆಂದರೆ ಒಂದು ನಿಯಮ ತಪ್ಪಬೇಡಿ: ಪಂಪ್ ಇಡೀ ಸುತ್ತಿನಲ್ಲಿ ಅತಿ ಎತ್ತರದ ಜಾಗದಲ್ಲಿ ಇರಬಾರದು. ಒಳಗಿರುವ ಗಾಳಿಗುಳ್ಳೆ ಮೇಲಕ್ಕೇ ಹೋಗುತ್ತದೆ ಅಲ್ವಾ? ಅದು ಪಂಪ್‌ನಲ್ಲಿ ಸೇರಿಕೊಂಡರೆ ಸದ್ದೂ ಬರುತ್ತದೆ, ಪಂಪ್ ಬೇಗ ಹಾಳೂ ಆಗುತ್ತದೆ. ರೇಡಿಯೇಟರ್‌ನ ಒಂದು ತುದಿಯಾದರೂ ಪಂಪ್‌ಗಿಂತ ಮೇಲಿರಲಿ.

ಹಂತ 4: ಕ್ಯಾಬಿನೆಟ್‌ಗೆ ಎಷ್ಟು ಗಾಳಿ ಬೇಕು?

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಎರಡು ಫ್ಯಾನ್ ಅಥವಾ ಮೂರು ಫ್ಯಾನ್ ಇರುವ ಸಾಮಾನ್ಯ ಗ್ರಾಫಿಕ್ಸ್ ಕಾರ್ಡ್‌ಗಳು ತಮ್ಮ ಕಾವಿನ ಹೆಚ್ಚಿನ ಪಾಲನ್ನು ಕ್ಯಾಬಿನೆಟ್ ಒಳಗೇ ಬಿಡುತ್ತವೆ. ನಮ್ಮ ಉದಾಹರಣೆಯಲ್ಲಿ ಅದು 200 ವ್ಯಾಟ್. ಈ ಬಿಸಿ ಗಾಳಿಯನ್ನೇ ಪ್ರೊಸೆಸರ್ ಕೂಲರ್ ಮತ್ತೆ ಎಳೆದುಕೊಳ್ಳುತ್ತದೆ. ಒಳಗಿನ ಗಾಳಿ 10 ಡಿಗ್ರಿ ಏರಿದರೆ ಎಲ್ಲ ಭಾಗಗಳ ಉಷ್ಣಾಂಶವೂ ಹತ್ತಿರಹತ್ತಿರ ಅಷ್ಟೇ ಏರುತ್ತದೆ.

ಲೆಕ್ಕ ಹೀಗಿದೆ. ಒಟ್ಟು ವ್ಯಾಟ್ ಅನ್ನು 1.76ರಿಂದ ಗುಣಿಸಿ. ಬಂದದ್ದನ್ನು, ಒಳಗಿನ ಗಾಳಿ ಕೋಣೆಗಿಂತ ಎಷ್ಟು ಡಿಗ್ರಿ ಬಿಸಿಯಾದರೆ ಪರವಾಗಿಲ್ಲ ಎಂಬ ಸಂಖ್ಯೆಯಿಂದ ಭಾಗಿಸಿ. ಸಿಗುವುದು ಸಿಎಫ್‌ಎಂ ಲೆಕ್ಕದ ಗಾಳಿ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಎಂದು. ಫ್ಯಾನ್ ಡಬ್ಬಿಗಳ ಮೇಲೂ ಇದೇ ಅಳತೆ ಇರುತ್ತದೆ. 10 ಡಿಗ್ರಿ ಏರಿಕೆ ಒಪ್ಪಿಕೊಂಡರೆ, 400 × 1.76 ÷ 10 = ಸುಮಾರು 70 ಸಿಎಫ್‌ಎಂ. ಇದು ಸಮುದ್ರಮಟ್ಟದ ಗಾಳಿಯ ಲೆಕ್ಕ. 1000 ಮೀಟರ್ ಎತ್ತರದ ಊರಲ್ಲಿದ್ದರೆ ಗಾಳಿ ತೆಳುವಾಗಿರುವುದರಿಂದ ಒಂದು ಹತ್ತು ಶೇಕಡಾ ಕೂಡಿಸಿ.

70 ಅಂದರೆ ಒಂದೂವರೆ ಫ್ಯಾನ್ ಸಾಕು ಅನ್ನಿಸಬಹುದು, ಯಾಕೆಂದರೆ ಬಹಳಷ್ಟು 120 ಎಂಎಂ ಫ್ಯಾನ್‌ಗಳ ಡಬ್ಬಿಯ ಮೇಲೆ 50, 60 ಸಿಎಫ್‌ಎಂ ಎಂದು ಇರುತ್ತದೆ. ಆದರೆ ಆ ಸಂಖ್ಯೆ ಎದುರಿಗೆ ಯಾವ ಅಡ್ಡಿಯೂ ಇಲ್ಲದೆ ಪೂರ್ತಿ ವೇಗದಲ್ಲಿ ತಿರುಗಿದಾಗಿನದು. ನಿಮ್ಮ ಕ್ಯಾಬಿನೆಟ್‌ನಲ್ಲಿ ಧೂಳಿನ ಫಿಲ್ಟರ್ ಇದೆ, ಜಾಲರಿ ಇದೆ, ಕೇಬಲ್‌ಗಳಿವೆ. ಮೇಲಾಗಿ ಸದ್ದು ಬೇಡವೆಂದು ನೀವು ವೇಗ ತಗ್ಗಿಸಿರುತ್ತೀರಿ. ನಾನು 120 ಎಂಎಂ ಫ್ಯಾನ್‌ಗೆ 25, 140 ಎಂಎಂಗೆ 35 ಸಿಎಫ್‌ಎಂ ಅಂತಲೇ ಹಿಡಿಯುತ್ತೇನೆ. ಆಗ ನಮ್ಮ ಕಂಪ್ಯೂಟರ್‌ಗೆ ಮುಂದೆ ಮೂರು 120 ಎಂಎಂ ಅಥವಾ ಎರಡು 140 ಎಂಎಂ ಫ್ಯಾನ್ ಬೇಕು. ಹಿಂದೆ ಒಂದು. ಅಲ್ಲಿಗೆ ಮುಗಿಯಿತು.

ಇಲ್ಲಿ ಹಲವರು ಮಾಡುವ ತಪ್ಪೊಂದಿದೆ. ಒಳಗೆ ತಳ್ಳುವ ಫ್ಯಾನ್ ಮತ್ತು ಹೊರಗೆ ಎಳೆಯುವ ಫ್ಯಾನ್ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಒಳಗೆ ಬಂದ ಗಾಳಿಯೇ ಹೊರಗೆ ಹೋಗುವುದು. ಯಾವುದಾದರೂ ಒಂದು ಕಡೆಯದನ್ನು ಮಾತ್ರ ಎಣಿಸಿ. ಒಳಬರುವ ಗಾಳಿ ಸ್ವಲ್ಪ ಜಾಸ್ತಿ ಇರಲಿ. ಆಗ ಸಂದುಗಳಿಂದ ಗಾಳಿ ಹೊರಗೆ ಸೋರುತ್ತದೆ, ಫಿಲ್ಟರ್ ಇಲ್ಲದ ಕಡೆಯಿಂದ ಧೂಳು ಒಳಗೆ ನುಗ್ಗುವುದಿಲ್ಲ.

ಹಾಗಂತ ಫ್ಯಾನ್ ಮೇಲೆ ಫ್ಯಾನ್ ಹಾಕುತ್ತಾ ಹೋಗಬೇಡಿ. ಲೆಕ್ಕವನ್ನೇ ನೋಡಿ. 70 ಸಿಎಫ್‌ಎಂಗೆ 10 ಡಿಗ್ರಿ ಏರಿಕೆ. ಗಾಳಿ ಎರಡರಷ್ಟು ಮಾಡಿದರೆ ಏರಿಕೆ 5 ಡಿಗ್ರಿ. ಮತ್ತೆ ಎರಡರಷ್ಟು ಮಾಡಿದರೆ 2.5. ಮೊದಲ ಮೂರು ಫ್ಯಾನ್ ಕೊಟ್ಟ ಲಾಭವನ್ನು ಮುಂದಿನ ಆರು ಫ್ಯಾನ್ ಕೊಡುವುದಿಲ್ಲ. 450 ವ್ಯಾಟ್‌ನ ಕಾರ್ಡ್ ಇರುವವರಿಗೆ ಮಾತ್ರ ಲೆಕ್ಕ ಬದಲಾಗುತ್ತದೆ. ಒಟ್ಟು 650 ವ್ಯಾಟ್ ಆದರೆ 114 ಸಿಎಫ್‌ಎಂ, ಅಂದರೆ ಮುಂದೆ ಮೂರು 140 ಎಂಎಂ ಹಾಕಿ ಸ್ವಲ್ಪ ವೇಗವಾಗಿ ಓಡಿಸಬೇಕು.

ಫ್ಯಾನ್ ಎಷ್ಟಿದ್ದರೂ ಗಾಳಿ ಬರಲು ದಾರಿ ಇಲ್ಲದಿದ್ದರೆ ವ್ಯರ್ಥ. ಮುಂಭಾಗ ಪೂರ್ತಿ ಗಾಜು ಅಥವಾ ಪ್ಲಾಸ್ಟಿಕ್ ಇದ್ದು, ಪಕ್ಕದಲ್ಲಿ ಬೆರಳಗಲದ ಸಂದು ಮಾತ್ರ ಇರುವ ಕ್ಯಾಬಿನೆಟ್‌ಗಳು ನೋಡಲು ಚೆಂದ. ಉಸಿರಾಡಲು ಕಷ್ಟ. ನನ್ನ ಗೆಳೆಯರೊಬ್ಬರು ಇಂಥ ಕ್ಯಾಬಿನೆಟ್ ಇಟ್ಟುಕೊಂಡು ಎರಡು ಸಲ ಕೂಲರ್ ಬದಲಾಯಿಸಿದರು. ಕೊನೆಗೆ ಮುಂದಿನ ಗಾಜು ಕಳಚಿ ಇಟ್ಟಾಗ ಸಮಸ್ಯೆ ತೀರಿತು. ಮುಂದೆ ಜಾಲರಿ ಇರುವ ಕ್ಯಾಬಿನೆಟ್ ಕೊಳ್ಳಿ. ಕೂಲಿಂಗ್‌ಗೆ ಹಾಕುವ ಹಣದಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇಲ್ಲ ಎಂಬುದು ನನ್ನ ನಂಬಿಕೆ.

ಹಂತ 5: ಜೋಡಿಸುವಾಗ ಎಡವುವ ಜಾಗಗಳು

ಫ್ಯಾನ್‌ನ ದಿಕ್ಕು ನೋಡಿ. ರೆಕ್ಕೆಗಳು ತೆರೆದಂತೆ ಕಾಣುವ ಕಡೆಯಿಂದ ಗಾಳಿ ಒಳಗೆ ಹೋಗುತ್ತದೆ. ಮೋಟರನ್ನು ಹಿಡಿದಿರುವ ಕಡ್ಡಿಗಳ ಕಡೆಯಿಂದ ಹೊರಬರುತ್ತದೆ. ಸಾಮಾನ್ಯ ಕ್ಯಾಬಿನೆಟ್‌ನಲ್ಲಿ ಗಾಳಿ ಮುಂದಿನಿಂದ ಬಂದು ಹಿಂದಕ್ಕೂ ಮೇಲಕ್ಕೂ ಹೋಗಬೇಕು. ಪ್ರೊಸೆಸರ್ ಕೂಲರ್‌ನ ಫ್ಯಾನ್ ಕೂಡ ಅದೇ ದಿಕ್ಕಿಗೆ ಊದಬೇಕು.

ಕೂಲರ್ ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಕಿತ್ತು ತೆಗೆಯಿರಿ. ಇದನ್ನು ಮರೆಯುವವರು ನಿಜವಾಗಿಯೂ ಬಹಳ ಜನ. ಥರ್ಮಲ್ ಪೇಸ್ಟ್, ಅಂದರೆ ಚಿಪ್ ಮತ್ತು ಕೂಲರ್ ನಡುವಿನ ಸಣ್ಣ ಸಂದು ತುಂಬುವ ಲೇಪ, ಬಟಾಣಿ ಕಾಳಿನಷ್ಟು ಸಾಕು. ಸ್ಕ್ರೂಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯದೆ, ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪ ತಿರುಗಿಸುತ್ತಾ ಬನ್ನಿ. ಹಳೆಯ ಪೇಸ್ಟ್ ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಆಮೇಲೆ ಹೊಸದು ಹಾಕಿ.

ಪ್ರೊಸೆಸರ್ ಕೂಲರ್‌ನ ವೈರ್ ಮದರ್‌ಬೋರ್ಡ್‌ನಲ್ಲಿ ಸಿಪಿಯು ಫ್ಯಾನ್ ಎಂದು ಬರೆದ ಪಿನ್‌ಗೇ ಹೋಗಲಿ. ಒಂದೊಂದು ಫ್ಯಾನ್ ಪಿನ್ ಸಾಮಾನ್ಯವಾಗಿ 1 ಆಂಪಿಯರ್‌ವರೆಗೆ ತಾಳುತ್ತದೆ. ಒಂದೇ ಪಿನ್‌ಗೆ ಹಲವು ಫ್ಯಾನ್ ಕಟ್ಟುವ ಮುಂಚೆ ಫ್ಯಾನ್‌ಗಳ ಮೇಲಿನ ಆಂಪಿಯರ್ ಸಂಖ್ಯೆ ಕೂಡಿಸಿ ನೋಡಿ.

ಹಂತ 6: ಫ್ಯಾನ್ ವೇಗ ಹೊಂದಿಸಿ

ಬಯಾಸ್‌ನಲ್ಲಿ ಉಷ್ಣಾಂಶ ಏರಿದಂತೆ ಫ್ಯಾನ್ ಎಷ್ಟು ವೇಗವಾಗಬೇಕು ಎಂಬ ಗೆರೆಯೊಂದಿರುತ್ತದೆ. ಅದಕ್ಕೆ ಫ್ಯಾನ್ ಕರ್ವ್ ಎನ್ನುತ್ತಾರೆ. ಬಹುತೇಕ ಮದರ್‌ಬೋರ್ಡ್‌ಗಳಲ್ಲಿ ಕ್ಯಾಬಿನೆಟ್ ಫ್ಯಾನ್‌ಗಳು ಪ್ರೊಸೆಸರ್‌ನ ಅಥವಾ ಮದರ್‌ಬೋರ್ಡ್‌ನ ಉಷ್ಣಾಂಶ ನೋಡಿಕೊಂಡು ತಿರುಗುತ್ತವೆ. ಗೇಮ್ ಆಡುವಾಗ ಕಾವು ಬರುವುದು ಗ್ರಾಫಿಕ್ಸ್ ಕಾರ್ಡ್‌ನಿಂದ. ಪ್ರೊಸೆಸರ್ ಆರಾಮವಾಗಿದೆ ಎಂದು ಫ್ಯಾನ್‌ಗಳು ನಿಧಾನವಾಗೇ ಇರುತ್ತವೆ, ಕಾರ್ಡ್ ಬೇಯುತ್ತಿರುತ್ತದೆ. ಫ್ಯಾನ್ ಕಂಟ್ರೋಲ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಕ್ಯಾಬಿನೆಟ್ ಫ್ಯಾನ್‌ಗಳನ್ನು ಕಾರ್ಡ್‌ನ ಉಷ್ಣಾಂಶಕ್ಕೆ ಕಟ್ಟಬಹುದು. ಅಷ್ಟು ಗೊಡವೆ ಬೇಡವೆಂದರೆ ಕ್ಯಾಬಿನೆಟ್ ಫ್ಯಾನ್‌ಗಳಿಗೆ 50 ಶೇಕಡಾ ಸ್ಥಿರ ವೇಗ ಕೊಟ್ಟುಬಿಡಿ.

ಹಂತ 7: ಪರೀಕ್ಷೆ ಮಾಡಿ, ಆಮೇಲೆ ತೀರ್ಮಾನಿಸಿ

ಕೋಣೆಯ ಉಷ್ಣಾಂಶ ಬರೆದುಕೊಳ್ಳಿ. ನೀವು ನಿಜವಾಗಿ ಮಾಡುವ ಕೆಲಸವನ್ನೇ 30 ನಿಮಿಷ ಓಡಿಸಿ. ಗೇಮ್ ಆಡುವವರು ಗೇಮ್, ರೆಂಡರ್ ಮಾಡುವವರು ರೆಂಡರ್. ಐದು ನಿಮಿಷದ ಪರೀಕ್ಷೆ ಮೋಸ ಮಾಡುತ್ತದೆ. ಅದರಲ್ಲೂ ಲಿಕ್ವಿಡ್ ಕೂಲರ್‌ನ ದ್ರವ ಬಿಸಿಯಾಗಿ ಒಂದು ಮಟ್ಟಕ್ಕೆ ನಿಲ್ಲಲು ಹೊತ್ತು ಹಿಡಿಯುತ್ತದೆ. ಪ್ರೈಮ್95, ಫರ್‌ಮಾರ್ಕ್ ತರಹದ ಪರೀಕ್ಷಾ ಪ್ರೋಗ್ರಾಂಗಳು ದಿನನಿತ್ಯ ಬರದಷ್ಟು ಭಾರ ಹೇರುತ್ತವೆ. ಅವನ್ನು ನೋಡಿ ಕೂಲರ್ ಕೊಳ್ಳುವ ಅಗತ್ಯ ಇಲ್ಲ.

ಗೇಮ್‌ನಲ್ಲಿ ಪ್ರೊಸೆಸರ್ 80ರ ಒಳಗೆ, ಗ್ರಾಫಿಕ್ಸ್ ಕಾರ್ಡ್ 80ರ ಒಳಗೆ, ಎಸ್‌ಎಸ್‌ಡಿ 70ರ ಒಳಗೆ ಇದ್ದರೆ ನೆಮ್ಮದಿಯಾಗಿರಿ. ಅದಕ್ಕಿಂತ ಮೇಲೆ ಹೋದರೆ ಏನನ್ನೂ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಪರೀಕ್ಷೆ ಮತ್ತೆ ಓಡಿಸಿ. ಉಷ್ಣಾಂಶ 5 ಡಿಗ್ರಿಗಿಂತ ಜಾಸ್ತಿ ಇಳಿದರೆ ತೊಂದರೆ ಇರುವುದು ಗಾಳಿಯ ಓಡಾಟದಲ್ಲಿ. ಹಂತ 4ಕ್ಕೆ ಹಿಂತಿರುಗಿ. ಬಾಗಿಲು ತೆಗೆದರೂ ಹೆಚ್ಚೇನೂ ಬದಲಾಗದಿದ್ದರೆ ತೊಂದರೆ ಕೂಲರ್‌ನಲ್ಲಿ, ಪೇಸ್ಟ್‌ನಲ್ಲಿ ಅಥವಾ ಕೂರಿಸಿದ ರೀತಿಯಲ್ಲಿ.

ಎರಡೂ ಸರಿಯಿದ್ದು ಇನ್ನೂ ಬಿಸಿ ಎಂದರೆ ಕಾವನ್ನೇ ಕಡಿಮೆ ಮಾಡಿ. ಬಯಾಸ್‌ನಲ್ಲಿ ಎಕೋ ಮೋಡ್ ಹಾಕಿದರೆ 7700ಎಕ್ಸ್‌ನ ಮಿತಿ 142ರಿಂದ 88 ವ್ಯಾಟ್‌ಗೆ ಇಳಿಯುತ್ತದೆ. ಬಹುಪಾಲು ಕೆಲಸಗಳಲ್ಲಿ ವೇಗದ ವ್ಯತ್ಯಾಸ ನಿಮಗೆ ತಿಳಿಯುವುದೂ ಕಷ್ಟ. ಗ್ರಾಫಿಕ್ಸ್ ಕಾರ್ಡ್‌ಗೂ ಪವರ್ ಲಿಮಿಟ್ 80, 85 ಶೇಕಡಾಕ್ಕೆ ಇಳಿಸಿ ನೋಡಿ. ಖರ್ಚಿಲ್ಲದೆ ಇಡೀ ಲೆಕ್ಕ ಬದಲಾಗುತ್ತದೆ. ಸೆಖೆಗಾಲದಲ್ಲಿ ಕೋಣೆಯೂ ಅಷ್ಟು ಕಾಯುವುದಿಲ್ಲ.

ಕೊನೆಗೆ ಬಂದ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲಿನ ಒಳಮೈಗೆ ಅಂಟಿಸಿ: ದಿನಾಂಕ, ಕೋಣೆಯ ಉಷ್ಣಾಂಶ, ಪ್ರೊಸೆಸರ್, ಕಾರ್ಡ್. ಆರು ತಿಂಗಳ ಮೇಲೆ ಅದೇ ಪರೀಕ್ಷೆ ಮಾಡಿ. ಕೋಣೆಯ ವ್ಯತ್ಯಾಸ ಕಳೆದ ಮೇಲೂ ಏಳೆಂಟು ಡಿಗ್ರಿ ಜಾಸ್ತಿ ಬಂದರೆ ಫಿಲ್ಟರ್ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಹೀಟ್‌ಸಿಂಕ್ ರೆಕ್ಕೆಗಳ ನಡುವಿನ ಧೂಳನ್ನು ಬ್ಲೋವರ್‌ನಿಂದ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು.